ಶಬ್ದಕ್ಕೆ ಬೀಳುತ್ತಿದ್ದ ಅತ್ತೆ

ನನ್ನ ಸೋದರತ್ತೆಯ ಎಡಹುಬ್ಬು ನಡುವೆ ತುಂಡಾಗಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಜ್ಞಾನ ತಪ್ಪಿ ಬಿದ್ದಾಗ ಅಡುಗೆಮನೆ ಕಟ್ಟೆಯ ಅಂಚು ಬಡಿದ ಗಾಯ ಅದು. ಡಾಕ್ಟರು ಫಿಟ್ಸ್ ಎಂದರು. ಮಾತ್ರೆ ಶುರುವಾಯಿತು, ಬೀಳುವುದು ನಿಲ್ಲಲಿಲ್ಲ.

ಆಮೇಲಿನ ಮೂವತ್ತು ವರ್ಷ ಅತ್ತೆ ಬನಶಂಕರಿಯ ನಮ್ಮ ಮನೆಯೊಳಗೇ ಕಳೆದರು. ಬಂದ ಎರಡು ಸಂಬಂಧಗಳೂ ಮುರಿದವು. ಅಜ್ಜಿ ಬಚ್ಚಲಿನ ಚಿಲಕ ಕೀಳಿಸಿದ್ದರು. ಅತ್ತೆ ಸ್ನಾನ ಮಾಡುವಾಗ ಏನಾದರೂ ಹಾಡಿಕೊಳ್ಳುತ್ತಲೇ ಇರಬೇಕು. ಹಾಡು ನಿಂತರೆ ಯಾರಾದರೂ ಬಾಗಿಲು ತಳ್ಳುತ್ತಿದ್ದರು. ಹಗಲೆಲ್ಲ ಕಿಟಕಿಯ ಪಕ್ಕ ಕೂತು ಬೇರೆಯವರ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದರು. "ನಾನು ಕಟ್ಟಿದ ಕುಚ್ಚು ಎಷ್ಟು ಊರು ನೋಡಿದೆಯೋ," ಎನ್ನುತ್ತಿದ್ದರು.

ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆಂದು ಜೆ.ಪಿ. ನಗರದ ಆಸ್ಪತ್ರೆಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿನ ಡಾಕ್ಟರಮ್ಮ ಇಸಿಜಿ ಕಾಗದವನ್ನು ಬಹಳ ಹೊತ್ತು ನೋಡಿದರು.

"ಬೀಳೋ ಮುಂಚೆ ಏನಾದ್ರೂ ಶಬ್ದ ಆಗ್ತಿತ್ತಾ?"

ಅತ್ತೆ ಸ್ವಲ್ಪ ಯೋಚಿಸಿದರು. "ಹೂಂ. ಕುಕ್ಕರ್ ಕೂಗಿತ್ತು. ಇನ್ನೊಂದ್ಸಲ ಫೋನು."

"ಇದು ಫಿಟ್ಸ್ ಅಲ್ಲಮ್ಮ. ಹೃದಯದ ಜೀವಕೋಶಗಳಲ್ಲಿ ಪೊಟ್ಯಾಸಿಯಂ ಹೊರಗೆ ಹೋಗೋಕೆ ಸಣ್ಣ ದಾರಿಗಳಿರ್ತವೆ. ಹುಟ್ಟಿನಿಂದಲೇ ನಿಮ್ಗೆ ಅವು ಸರಿಯಾಗಿ ಕೆಲಸ ಮಾಡ್ತಿಲ್ಲ. ದಿಢೀರಂತ ಶಬ್ದ ಆದ್ರೆ ಬಡಿತ ದಾರಿ ತಪ್ಪುತ್ತೆ."

"ಆ ದಾರೀನೇ ಸರಿಮಾಡೋ ಮಾತ್ರೆ ಇದ್ಯಾ?"

"ಅದನ್ನೇ ಹುಡುಕ್ತಿದ್ದಾರೆ, ಇನ್ನೂ ನಮ್ಮ ಕೈಗೆ ಬಂದಿಲ್ಲ. ಸದ್ಯಕ್ಕೆ ಬಡಿತ ಕಾಯೋ ಮಾತ್ರೆ ಕೊಡ್ತೀನಿ. ವಂಶದಲ್ಲಿ ಬರೋದು ಇದು. ಮನೇಲಿ ಎಲ್ರಿಗೂ ಇಸಿಜಿ ಮಾಡಿಸಿ."

ಆಟೋದಲ್ಲಿ ಅತ್ತೆ ಒಂದೇ ಮಾತು ಆಡಿದರು: "ಶಬ್ದ ಆಯ್ತಾ ಅಂತ ಒಬ್ರಾದ್ರೂ ಕೇಳ್ಬಹುದಿತ್ತು."

ಅಪ್ಪ ನನ್ನ ಪರೀಕ್ಷೆಗೆ ಒಪ್ಪಲಿಲ್ಲ. "ನಾಳೆ ಮದುವೆ ಆಗ್ಬೇಕಾದ ಹುಡುಗಿ. ಇಲ್ಲದ್ದನ್ನೆಲ್ಲ ಕಾಗದದ ಮೇಲೆ ಬರೆಸ್ಕೊಳ್ಳೋದು ಬೇಡ," ಎಂದುಬಿಟ್ಟರು. ಅತ್ತೆ ಎದುರಾಡಲಿಲ್ಲ. ಆ ಮನೆಯಲ್ಲಿ ಅವರು ಎದುರಾಡಿದ್ದನ್ನು ನಾನು ಕಂಡೇ ಇರಲಿಲ್ಲ.

ಮುಂದಿನ ವಾರ ಅವರು ಜಯನಗರದ ನನ್ನ ಕಾಲೇಜಿನ ಗೇಟಿನ ಮುಂದೆ ನಿಂತಿದ್ದರು. ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಸೆರಗು ಮುಷ್ಟಿಯಲ್ಲಿತ್ತು, ಪ್ರತಿ ಹಾರ್ನಿಗೂ ಮೈ ಬೆಚ್ಚುತ್ತಿತ್ತು.

"ನಡಿ, ಇಸಿಜಿ ಮಾಡಿಸ್ಕೊಂಡು ಬರೋಣ. ನಿಮ್ಮಪ್ಪಂಗೆ ನಾನು ಹೇಳ್ತೀನಿ."

ನನ್ನ ಕಾಗದದಲ್ಲೂ ಅದೇ ದೋಷವಿತ್ತು.

ಅಪ್ಪ ಅವರೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟರು. ಅತ್ತೆ ಮತ್ತೆಂದೂ ಒಬ್ಬರೇ ಹೊರಗೆ ಹೋಗಲಿಲ್ಲ; ಕೇಳಿದರೆ "ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ನ್ಯುಮೋನಿಯಾದಿಂದ ತೀರಿಕೊಂಡರು. ನಾನು ದಿನಾ ಮಾತ್ರೆ ನುಂಗುತ್ತೇನೆ, ಬಿಡುವ ಹಾಗಿಲ್ಲ. ಇವತ್ತಿನವರೆಗೆ ಒಂದು ಸಲವೂ ಬಿದ್ದಿಲ್ಲ. ಬೀಳುವುದು ಹೇಗಿರುತ್ತದೆಂದು ನನಗೆ ಗೊತ್ತಿಲ್ಲ.