ಅಕ್ಕನ ಕಣ್ಣಿಗೊಂದು ಟ್ಯಾಬ್ಲೆಟ್ಟು

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸಿದ ಮನೆತನ. ನಮ್ಮ ಅಪ್ಪ ಯಾವ ವಸ್ತುವಿನ ಬೆಲೆಯನ್ನೂ ರೂಪಾಯಿಯಲ್ಲಿ ಯೋಚಿಸಿದವರಲ್ಲ. ಸೈಕಲ್ಲು ಎಷ್ಟು ಚೀಲ, ಹೊಲಿಗೆ ಯಂತ್ರ ಎಷ್ಟು ಚೀಲ, ಅಕ್ಕನ ಮದುವೆ ಎಷ್ಟು ಲಾರಿ ಎಂದೇ ಅವರು ಲೆಕ್ಕ ಹಾಕುತ್ತಿದ್ದರು. ಮಂಡಿ ಮುಚ್ಚಿ ಮನೆಯಲ್ಲಿ ಕೂತಿದ್ದರೂ ಆ ಕಾಯಿಲೆ ನನ್ನನ್ನು ಬಿಟ್ಟಿಲ್ಲ. ಪೇಟೆಯ ಮೊಬೈಲ್ ಅಂಗಡಿಯವನು ಟ್ಯಾಬ್ಲೆಟ್ ಕಂಪ್ಯೂಟರಿನ ಬೆಲೆ ಹೇಳಿದಾಗ ನಾನು ಕಣ್ಣು ಮುಚ್ಚಿ ಅದನ್ನು ಕೊಬ್ಬರಿಗೆ ತಿರುಗಿಸಿದೆ. ಆ ವಾರದ ದರಕ್ಕೆ ಒಂದು ಕ್ವಿಂಟಾಲಿನ ಮೇಲೆಯೇ ಆಯಿತು. ಮಕ್ಕಳ ಸ್ಲೇಟಿನಷ್ಟಿದ್ದ ಆ ವಸ್ತುವನ್ನು ಒಂದು ಕೈಯಲ್ಲಿ ಎತ್ತಬಹುದಿತ್ತು. ಅಷ್ಟು ಕೊಬ್ಬರಿ ಎತ್ತಲು ಇಬ್ಬರು ಹಮಾಲಿಗಳು ಬೇಕು. ಎಲ್ಲೋ ಏನೋ ಸರಿಯಿಲ್ಲ ಎನ್ನಿಸಿತು.

ಸಂಶಯ ಬಂದಾಗ ನಮ್ಮವರಿಗೆ ಒಂದು ಪರೀಕ್ಷೆಯಿದೆ. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿ ಒಳಗೆ ಕೊಬ್ಬರಿಯಾಗಿದೆಯೇ ಇಲ್ಲವೇ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಎಂದರೆ ಮಾಲು ತಯಾರು. ನಾನು ಟ್ಯಾಬ್ಲೆಟ್ಟನ್ನು ಕಿವಿಗೆ ಹಿಡಿದೆ. ಅಲ್ಲಾಡಿಸಿದೆ.

"ಯಜಮಾನ್ರೇ, ಯಜಮಾನ್ರೇ! ಏನ್ ಮಾಡ್ತಿದೀರಾ?" ಅಂಗಡಿಯವನು ಕೌಂಟರಿನ ಮೇಲೆ ಅರ್ಧ ಹತ್ತಿಯೇ ಬಿಟ್ಟ.

"ಸದ್ದೇ ಬರ್ತಿಲ್ವಲ್ಲಪ್ಪ."

"ಸದ್ದು ಬಂದ್ರೆ ಕೆಟ್ಟಿದೆ ಅಂತ ಅರ್ಥ ಸಾರ್!"

ಮೂರು ತಲೆಮಾರು ನಂಬಿಕೊಂಡು ಬಂದ ಶಾಸ್ತ್ರವೊಂದು ಅಲ್ಲೇ ತಲೆಕೆಳಗಾಯಿತು. ಆದರೂ ಧೈರ್ಯಗೆಡದೆ ಕೇಳಿದೆ: "ಇದು ಎಷ್ಟು ವರ್ಷ ಬಾಳ್ತದೆ?"

"ಚೆನ್ನಾಗಿ ಇಟ್ಕೊಂಡ್ರೆ ಐದಾರು ವರ್ಷ ಸಾರ್."

ನೆಟ್ಟ ತೆಂಗಿನ ಸಸಿ ಹೊಂಬಾಳೆ ಬಿಡುವುದೇ ಆಗ. ನಮ್ಮ ಮರ ದುಡಿಯಲು ಶುರುಮಾಡುವ ವಯಸ್ಸಿಗೆ ಇದು ಸಾಯುತ್ತದೆ. ನನ್ನ ಕುತೂಹಲ ಇನ್ನೂ ಹೆಚ್ಚಿತು. ಜನ ಇದನ್ನು ಯಾಕೆ ಕೊಳ್ಳುತ್ತಾರೆ?

ನಾನು ಯಾಕೆ ಕೊಳ್ಳಲು ಹೋಗಿದ್ದೆ ಎಂಬುದನ್ನು ಹೇಳಬೇಕು. ನನ್ನ ಅಕ್ಕ ಇರುವುದು ಹಳೇಬೀಡಿನಲ್ಲಿ. ಭಾವ ತೀರಿಕೊಂಡಿದ್ದಾರೆ. ಮಗ ಸೊಸೆ ಜೊತೆಗಿದ್ದಾರೆ. ದೇವಸ್ಥಾನದ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ಟೋಪಿ, ನೀರಿನ ಬಾಟಲಿ ಮತ್ತು ಕಲ್ಲಿನದೆಂದು ಹೇಳಲಾಗುವ ಗಣಪತಿಗಳನ್ನು ಮಾರುತ್ತಾರೆ. ಬೆಳಿಗ್ಗೆ ಹೋದರೆ ಕೊನೆಯ ಪ್ರವಾಸಿಯನ್ನು ಕಳಿಸಿಯೇ ಅವರು ಮನೆಗೆ ಬರುವುದು. ಅಕ್ಕನಿಗೆ ಹಗಲೆಲ್ಲ ಓದೇ ಸಂಗಾತಿ. ಪೇಪರು, ಪುರಾಣ, ಪೊಟ್ಟಣ ಕಟ್ಟಿಬಂದ ಕಾಗದ, ಯಾವುದನ್ನೂ ಬಿಟ್ಟವಳಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ವಾರಪತ್ರಿಕೆಯ ಧಾರಾವಾಹಿ. ಕಳೆದ ವರ್ಷ ಅವಳ ಕಣ್ಣು ಮಬ್ಬಾಯಿತು. ಕಣ್ಣಿನ ಹಿಂದಿನ ಪರದೆ ಸವೆದಿದೆ, ಕನ್ನಡಕ ಬದಲಿಸಿ ಪ್ರಯೋಜನವಿಲ್ಲ, ಅಕ್ಷರ ದೊಡ್ಡದಾದಷ್ಟೂ ಕಾಣುತ್ತದೆ ಎಂದು ಹಾಸನದ ಡಾಕ್ಟರು ಹೇಳಿದರು. ಅಕ್ಷರ ದೊಡ್ಡದು ಮಾಡಿ ಎಂದು ಪತ್ರಿಕೆಯವರಿಗೆ ಹೇಳುವವರು ಯಾರು?

ಅಂದಿನಿಂದ ಎದುರು ಮನೆಯ ಟೀಚರಮ್ಮ ಬಂದು ಓದಿ ಹೇಳುತ್ತಿದ್ದರು. ಅಂಗನವಾಡಿಯಲ್ಲಿ ಬಹುಕಾಲ ಮಕ್ಕಳಿಗೆ ಕಥೆ ಹೇಳಿ ನಿವೃತ್ತರಾದವರು. ಅತ್ತೆಗೊಂದು ದನಿ, ಸೊಸೆಗೊಂದು ದನಿ, ಪೊಲೀಸಿಗೊಂದು ಕೆಮ್ಮು. ಪ್ರತಿ ಶುಕ್ರವಾರ ಸಂಜೆ ಅವರು ಬರುವುದು, ಅಕ್ಕ ದೀಪ ಹಚ್ಚಿ ಕೂರುವುದು, ಧಾರಾವಾಹಿಯ ಪಾರಾಯಣ ನಡೆಯುವುದು. ಇದಕ್ಕಿಂತ ಇನ್ನೇನು ಬೇಕು ಎಂದು ನಾನು ಒಮ್ಮೆ ಕೇಳಿದ್ದೆ.

"ಚೆನ್ನಾಗಿ ಓದ್ತಾಳೆ ಕಣೋ, ಇಲ್ಲ ಅನ್ನಲ್ಲ," ಎಂದಳು ಅಕ್ಕ. "ಆದ್ರೆ ಇನ್ನೊಬ್ರು ಅಗಿದು ಬಾಯಿಗಿಟ್ಟಂಗಾಯ್ತದೆ. ಒಂದ್ಸಲ ನಾನೇ ಓದ್ಬೇಕು. ಆಮ್ಯಾಕೆ ಕಣ್ಣು ಹೋದ್ರೆ ಹೋಗ್ಲಿ."

ಅಕ್ಕ ಜೀವಮಾನದಲ್ಲಿ ನನ್ನನ್ನು ಏನೂ ಕೇಳಿದವಳಲ್ಲ. ಇದನ್ನೂ ಕೇಳಿದಳೆಂದು ಹೇಳಲಾಗದು. ಆದರೂ ಮಾತು ನನ್ನ ಹೊಟ್ಟೆಯಲ್ಲಿ ಕೂತಿತು.

"ನಿಮ್ಮ ಫೋನಲ್ಲೇ ಫೋಟೋ ತೆಗೆದು ದೊಡ್ಡದು ಮಾಡಿ ತೋರ್ಸಿದ್ರೆ ಆಗಲ್ವೇನ್ರೀ?" ಎಂದು ನನ್ನ ಹೆಂಡತಿ ಕೇಳಿದ್ದಳು. ಅವಳ ಸಲಹೆಗಳ ಲಕ್ಷಣವೇ ಅದು, ಖರ್ಚಿಲ್ಲದವು. ಹಾಗೇ ಮಾಡಿ ನೋಡಿದ್ದೆ. ಅಕ್ಕನ ಕಣ್ಣಿಗೆ ಕಾಣುವಷ್ಟು ಹಿಗ್ಗಿಸಿದರೆ ಫೋನಿನಲ್ಲಿ ಎರಡು ಅಕ್ಷರ ಹಿಡಿಯುತ್ತಿತ್ತು. ಮೂರನೆಯದಕ್ಕೆ ಬೆರಳಲ್ಲಿ ಎಳೆಯಬೇಕು. ಪದದ ಬಾಲ ಬರುವಷ್ಟರಲ್ಲಿ ತಲೆ ಮರೆತುಹೋಗಿರುತ್ತಿತ್ತು. ಅಕ್ಕ ಒಂದು ಸಾಲು ಮುಗಿಸಿ ಫೋನು ಕೆಳಗಿಟ್ಟು, "ಇದೇನೋ, ಒಂದು ಸಾಲಿಗೆ ಹುಲಿಕೆರೆಗೆ ನಡ್ಕೊಂಡು ಹೋಗಿ ಬಂದಂಗಾಯ್ತು" ಎಂದಿದ್ದಳು.

ಹಾಗಾಗಿ ಪ್ರಶ್ನೆ ಇಷ್ಟಕ್ಕೆ ಬಂದು ನಿಂತಿತ್ತು. ಆ ದೊಡ್ಡ ಸ್ಲೇಟಿನಲ್ಲಿ ಅಕ್ಕನ ಕಣ್ಣಿಗೆ ಒಂದಿಡೀ ಸಾಲು ಹಿಡಿಯುತ್ತದೆಯೇ? ಹಿಡಿದರೆ ಅವಳು ಓದುವಳೇ? ಬೇರೆ ಗುಣಗಳನ್ನು ಅಂಗಡಿಯವನು ಬಹಳ ಹೊತ್ತು ವರ್ಣಿಸಿದ. ಅದರಲ್ಲಿ ಚಿತ್ರ ಬರೆಯಬಹುದಂತೆ, ಸಿನಿಮಾ ನೋಡಬಹುದಂತೆ. ನಾನು ಮದುವೆ ಗಂಡಿನ ಚಿಕ್ಕಪ್ಪನಂತೆ ಗಂಭೀರವಾಗಿ ತಲೆಯಾಡಿಸಿ ಹೇಳಿದೆ: "ಎಲ್ಲಾ ಸರಿಯಪ್ಪ. ಒಡೆದು ನೋಡ್ದೆ ನಾವು ಕಾಯಿ ಕೊಳ್ಳೋರಲ್ಲ. ಎರಡು ದಿನ ಕೊಡು, ನೋಡಿ ಹೇಳ್ತೀನಿ."

"ಸೀಲ್ ಒಡೆದ್ರೆ ವಾಪಸ್ ತಗೊಳಲ್ಲ ಸಾರ್."

"ಸೀಲ್ ಒಡೆದಿರೋದನ್ನೇ ಕೊಡು. ಈಗ ನಾನು ಅಲ್ಲಾಡಿಸಿದ್ನಲ್ಲ, ಅದೇ."

ಅವನ ತಾತ ನಮ್ಮ ಮಂಡಿಗೆ ಮಾಲು ಹಾಕುತ್ತಿದ್ದವರು. ಆ ಮುಲಾಜಿಗೆ ಡಿಸ್ಪ್ಲೇ ಪೀಸನ್ನು ಶನಿವಾರದವರೆಗೆ ಕೊಟ್ಟ. ಕೊಡುವಾಗ ಅದನ್ನು ಇನ್ನೊಮ್ಮೆ ಅಲ್ಲಾಡಿಸುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡ.

ಗುರುವಾರ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಜಾವಗಲ್ ಮೇಲಿನ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಪಕ್ಕದ ಸೀಟಿನವನು ಏನದು ಎಂದು ಕೇಳಿದ. ದೇವರ ಫೋಟೋ ಎಂದೆ. ಅವನು ಕಾಲು ಹಿಂದಕ್ಕೆಳೆದುಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಆಗತಾನೆ ಬಂದಿದ್ದ ವಾರಪತ್ರಿಕೆಯನ್ನು ಕೊಂಡೆ.

ರಾತ್ರಿ ಊಟವಾದ ಮೇಲೆ ಪತ್ರಿಕೆಯ ಪುಟದ ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ ಅಕ್ಕನ ಮುಂದೆ ಹಿಡಿದೆ. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಅದನ್ನು. ಆಮೇಲೆ ತುಟಿಗಳು ಅಲ್ಲಾಡಿದವು. ಒಂದು ಸಾಲು ಪೂರ್ತಿ ಹಿಡಿದಿತ್ತು. ಅವಳು ಗಟ್ಟಿಯಾಗಿ ಓದಿದ ಆ ಮೊದಲ ಸಾಲು ಒಂದು ಹಲ್ಲುಪುಡಿಯ ಜಾಹೀರಾತು. ಅಷ್ಟು ಭಕ್ತಿಯಿಂದ ಯಾರೂ ಹಲ್ಲುಪುಡಿಯನ್ನು ಓದಿರಲಾರರು.

"ಹೆಂಗೆ ಜರುಗಿಸೋದು ತೋರ್ಸು," ಎಂದಳು. ತೋರಿಸಿದೆ. "ಫೋಟೋ ತೆಗೆಯೋದೂ ತೋರ್ಸು." ಅದನ್ನೂ ತೋರಿಸಿದೆ. "ಈಗ ನೀನು ಮಲಿಕ್ಕೋ ಹೋಗು."

ಬೆಳಿಗ್ಗೆ ನಾನು ಎದ್ದು ಬಂದಾಗ ಅಕ್ಕ ನಡುಮನೆಯಲ್ಲಿ ಹಳೆಯ ವಾರಪತ್ರಿಕೆಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ಕಾಫಿ ಆರಿತ್ತು. ಮುಖದಲ್ಲಿ ಲೆಕ್ಕಪತ್ರದ ತಪ್ಪು ಹಿಡಿದ ಅಪ್ಪನ ಕಳೆ.

"ಏನಕ್ಕ? ಕಣ್ಣು ನೋವೇ?"

"ಕಣ್ಣು ಚೆನ್ನಾಗೈತೆ. ಅವಳು ಸತ್ತೋಗವಳೆ."

ನಾನು ಬಾಗಿಲಿನಿಂದ ಎದುರು ಮನೆಯತ್ತ ನೋಡಿದೆ. "ಯಾರು?"

"ಧಾರಾವಾಹಿ ಹುಡುಗಿ ಕಣೋ! ಒಂದು ತಿಂಗಳಾಯ್ತು ಸತ್ತು. ಇಲ್ನೋಡು, ಆಸ್ಪತ್ರೇಲಿ ಪ್ರಾಣ ಬಿಟ್ಟವಳೆ. ಟೀಚರಮ್ಮ ಓದಿದ್ದು, ಜ್ವರ ಬಿಡ್ತು, ಮನೆಗೆ ಕರ್ಕೊಂಡು ಬಂದ್ರು ಅಂತ!"

ನಾನು ಕನ್ನಡಕ ಹಾಕಿಕೊಂಡು ಓದಿದೆ. ನಿಜ. ನಾಯಕಿ ತೀರಿಕೊಂಡಿದ್ದಳು. ಅಲ್ಲಿಂದ ಮುಂದೆ ಅಕ್ಕ ಒಂದೊಂದೇ ವಾರದ ಸಂಚಿಕೆ ತೋರಿಸುತ್ತ ವಿವರಿಸಿದಳು. ಗಂಡ ಗೋಳಾಡಿ ಅಳುವ ವಾರದಲ್ಲಿ ಟೀಚರಮ್ಮ ಅವನ ಕೈಗೆ ಈರುಳ್ಳಿ ಕೊಟ್ಟು ಹೆಚ್ಚಿಸಿದ್ದರು. ತಿಥಿ ಊಟಕ್ಕೆ ನೆಂಟರು ಬಂದ ವಾರ ಅದು ಗೃಹಪ್ರವೇಶದ ಊಟವಾಗಿತ್ತು. ಬಾಡಿಗೆ ಮನೆಗೆ ಯಾವ ಗೃಹಪ್ರವೇಶ ಎಂದು ಅಕ್ಕ ಕೇಳಿದ್ದಕ್ಕೆ, ಸುಣ್ಣ ಹೊಡೆಸಿದರಲ್ಲ ಅದಕ್ಕೆ ಎಂದಿದ್ದರಂತೆ.

"ನಾನೂ ಅಂದ್ಕೊಂಡೆ, ಈ ಕಥೆ ಬರೆಯೋನಿಗೆ ಇತ್ತೀಚೆಗೆ ತಲೆ ಕೆಟ್ಟೈತೆ ಅಂತ. ಪಾಪ, ಅವನದೇನೂ ತಪ್ಪಿಲ್ಲ."

"ಸಂಜೆ ಬರ್ತಾರಲ್ಲ, ಕೇಳೋಣವಾ?"

"ಬಾಯಿ ಬಿಟ್ಟೀಯ! ಈ ವಾರದ್ದು ನಾನು ಆಗ್ಲೇ ಓದೀನಿ. ಗಂಡ ಇನ್ನೊಂದು ಮದ್ವೆ ಮಾಡ್ಕೊಂಡು ಹೆಂಡ್ತಿ ಕರ್ಕೊಂಡು ಬಂದವ್ನೆ. ಈಗೇನು ಮಾಡ್ತಾಳೋ ನೋಡ್ಬೇಕು."

ಅಂದಿನ ಸಂಜೆಗೆ ಕಾದಷ್ಟು ಕಾತರದಿಂದ ನಾನು ಯಾವ ಹರಾಜಿಗೂ ಕಾದಿರಲಿಲ್ಲ. ಅಕ್ಕ ದೀಪ ಹಚ್ಚಿದಳು. ವಿಭೂತಿ ಧರಿಸಿದಳು. ಟ್ಯಾಬ್ಲೆಟ್ಟನ್ನು ದಿಂಬಿನ ಕೆಳಗೆ ಸೇರಿಸಿದಳು. ಟೀಚರಮ್ಮ ಬಂದು, ನನಗೆ ನಮಸ್ಕಾರ ಹೇಳಿ, ಪತ್ರಿಕೆ ಬಿಡಿಸಿದರು. ಮೊದಲ ಪ್ಯಾರಾ ಮಳೆಯ ವರ್ಣನೆ, ಸುಸೂತ್ರವಾಗಿ ಸಾಗಿತು. ಎರಡನೆಯದಕ್ಕೆ ಬಂದವರು ನಿಂತರು. ಗಂಟಲು ಸರಿಮಾಡಿಕೊಂಡರು. ನೀರು ಕುಡಿದರು. ಅವರ ಕಣ್ಣು ಪುಟದ ಮೇಲೆ ಮೇಲಿಂದ ಕೆಳಗೆ ಓಡಿದ್ದನ್ನು ನಾನು ಕಂಡೆ. ಅಕ್ಕ ಶಿಲಾಬಾಲಿಕೆಯಂತೆ ಕೂತಿದ್ದಳು.

"ಅವತ್ತು... ಅವತ್ತು ಆ ಮನೆಗೆ ಹೊಸದಾಗಿ ಅಡುಗೆಯವಳು ಬಂದಳು," ಎಂದರು ಟೀಚರಮ್ಮ.

"ಅಡುಗೆಯವಳಾ?" ಅಕ್ಕ ಕೇಳಿದಳು.

"ಹೂಂ ಅಮ್ಮಾರೇ. ರೇಷ್ಮೆ ಸೀರೆ ಉಟ್ಟಿದ್ಲು."

"ಅಡುಗೆ ಮಾಡೋಕೆ ರೇಷ್ಮೆ ಸೀರೆ ಉಟ್ಟಿದ್ಲಾ?"

"ಮೊದಲನೇ ದಿನ ಅಲ್ವಾ!"

"ಅದೂ ಸರಿ. ಮನೆಯಾಕೆ ಏನಂದ್ಲು ಅದಕ್ಕೆ?"

ಟೀಚರಮ್ಮ ಸೂರಿನತ್ತ ನೋಡಿದರು. "ಅವಳು ಊರಲ್ಲಿ ಇಲ್ಲ. ಬೇಲೂರಿಗೆ ಹೋಗವಳೆ, ತವರಿಗೆ."

"ಅವಳ ತವರು ಧಾರವಾಡದ ಕಡೆ ಅಂತಿತ್ತು?"

"ಈಗ ಬೇಲೂರಿಗೆ ಬಂದವ್ರೆ. ಅವ್ರಪ್ಪಂಗೆ ಟ್ರಾನ್ಸ್‌ಫರು."

ನಾನು ಕೆಮ್ಮು ಬಂದವನಂತೆ ಹೊರಗೆ ಹೋಗಿ ಜಗಲಿಯ ಕಂಬ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಟೀಚರಮ್ಮನೂ ಓದು ಮುಗಿಸಿ ಬಂದರು. ಹಣೆಯಲ್ಲಿ ಬೆವರು. ಚಪ್ಪಲಿ ಮೆಟ್ಟುತ್ತ ಮೆಲ್ಲಗೆ ಹೇಳಿದರು:

"ಅಣ್ಣಾರೇ, ನೀವು ಪತ್ರಿಕೆ ಓದಿರ್ತೀರಾ. ನಿಮ್ಮ ಅಕ್ಕಾರಿಗೆ ಹೇಳ್ಬ್ಯಾಡಿ. ಅವತ್ತು ಶುಕ್ರವಾರ, ದೀಪ ಹಚ್ಚವ್ರೆ, ಆ ದೀಪದ ಮುಂದೆ ಮುತ್ತೈದೆ ಸತ್ಲು ಅಂತ ಹೆಂಗೆ ಓದ್ಲಿ ಹೇಳಿ? ಒಂದು ವಾರ ತಡ್ದು, ಆಮ್ಯಾಕೆ ಹೇಳಾನ ಅಂದ್ಕೊಂಡೆ. ಮುಂದಿನ ವಾರನೂ ಶುಕ್ರವಾರನೇ ಬಂತು!"

ನಮ್ಮ ಮನೆಯಲ್ಲೂ ದೀಪ ಹಚ್ಚಿದ ಹೊತ್ತಿಗೆ ಬಂದ ಸಾವಿನ ಸುದ್ದಿಯನ್ನು ಬಾಗಿಲಾಚೆಯೇ ನಿಲ್ಲಿಸಿ, ಊಟವಾದ ಮೇಲೆ ಒಳಗೆ ಕರೆದ ಉದಾಹರಣೆಗಳಿವೆ. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಒಳಗೆ ಬಂದರೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಕ್ಕು ನಕ್ಕು ನೀರು ಬಂದಿತ್ತು.

"ಶುಕ್ರವಾರ ಅಂತ ತಾನೇ ಅಂದಿದ್ದು?" ಎಂದಳು.

ಮಾತು ಕೊಟ್ಟಿದ್ದೆನಲ್ಲ, ನಾನು ದೀಪದ ಬತ್ತಿ ಸರಿಮಾಡತೊಡಗಿದೆ.

"ನಾನಾಗಿದ್ರೂ ಓದ್ತಿರ್ಲಿಲ್ಲ ಬಿಡು."

"ಹಾಗಾದ್ರೆ ಇದು ಯಾಕೆ ಬೇಕು? ನಾಳೆ ವಾಪಸ್ ಕೊಡ್ಬೇಕು. ಟೀಚರಮ್ಮ ಓದೋದು ಇದಕ್ಕಿಂತ ಚೆನ್ನಾಗೇ ಇದೆಯಲ್ಲ," ಎಂದೆ. ಪರೀಕ್ಷೆಗಾಗಿ ಕೇಳಿದ್ದು. ಅವಳು ದಿಂಬಿನ ಕೆಳಗಿನಿಂದ ಟ್ಯಾಬ್ಲೆಟ್ಟನ್ನು ತೆಗೆದು ಸೆರಗಿನಲ್ಲಿ ಒರೆಸಿ ಎದೆಗೆ ಒತ್ತಿಕೊಂಡಳು.

"ಗೊತ್ತಿದ್ದು ಕೇಳೋದು ಬೇರೆ, ಗೊತ್ತಿಲ್ದೆ ಕೇಳೋದು ಬೇರೆ ಕಣೋ. ಇಷ್ಟು ದಿನ ನನ್ನ ಕುರುಡಿ ಮಾಡಿ ಕೂರಿಸ್ಕೊಂಡು ಓದಿದ್ಲು. ಇವತ್ತು ನಾನು ಕೂತ್ಕೊಂಡು ಕೇಳ್ದೆ. ಆ ಅಂಗಡಿಯೋನಿಗೆ ಹೇಳು, ಇದು ಇಲ್ಲೇ ಇರ್ತದೆ ಅಂತ."

"ಬೆಲೆ ಎಷ್ಟು ಗೊತ್ತಾ?"

"ಎಷ್ಟು ಚೀಲ?"

ಹೇಳಿದೆ. ಅಪ್ಪನ ಮಗಳು, ಕಣ್ಣು ಮುಚ್ಚಿ ತೂಗಿ ನೋಡಿದಳು. "ಜಾಸ್ತಿಯಾಯ್ತು," ಎಂದಳು. ಆಮೇಲೆ ಅದರ ಬಟನ್ ಒತ್ತಿ, ಧಾರಾವಾಹಿಯ ಹೊಸ ಹೆಂಡತಿ ಬಂದ ಪುಟವನ್ನು ಹಿಗ್ಗಿಸಿ, ಬೆರಳಿಟ್ಟು ಹುಡುಕತೊಡಗಿದಳು.

"ಏನು ಹುಡುಕ್ತಿದ್ದೀಯ?"

"ಸೀರೆ ರೇಷ್ಮೆದೋ ಅಲ್ವೋ ಅಂತ. ಅದೊಂದಾದ್ರೂ ನಿಜವೇನೋ ನೋಡಾನ."

ನಿಜವೇ ಆಗಿತ್ತು.