ಇನ್ನಾ ಒಡ್ದಿಲ್ಲ
ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದಿರುವ ಶೆಡ್ಡಿನಲ್ಲಿ ದಿನವಿಡೀ ಗಾಜು ಒಡೆಯುವುದೇ ಕೋದಂಡಪ್ಪನ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಪಿಂಗಾಣಿ ಎಳೆಗಳನ್ನು ಬೆರೆಸಿ ಎರಕ ಹೊಯ್ದ ಗಾಜಿನ ಬಿಲ್ಲೆಗಳು ಎಷ್ಟು ಭಾರ ತಾಳುತ್ತವೆಂದು ನೋಡಲು ಅಲ್ಲೊಂದು ಮೆಷಿನ್ನಿದೆ; ಆದರೆ ಬಿಲ್ಲೆ ಮೊದಲು ಕೋದಂಡಪ್ಪನ ಕಿವಿಗೆ ಹೋಗಬೇಕು. ಚಿನ್ನದ ಗಣಿಯೊಳಗೆ ತಲೆಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ ಟೊಳ್ಳೋ ಗಟ್ಟಿಯೋ ಹೇಳುತ್ತಿದ್ದವನು ಆತ. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ತಟ್ಟುವ ಚಟ ಬಿಟ್ಟಿಲ್ಲ. ಟೀ ಲೋಟ ತಟ್ಟುತ್ತಾನೆ, ಬಸ್ಸಿನ ಕಿಟಕಿ ತಟ್ಟುತ್ತಾನೆ, ಕಲ್ಲಂಗಡಿ ಮಾರುವವನಿಗಂತೂ ಇವನನ್ನು ಕಂಡರಾಗದು. ಉಗುರಿನಿಂದ ತಟ್ಟಿ 'ಇದು ಓಗ್ತದೆ' ಅಂದನೆಂದರೆ ಆ ಬಿಲ್ಲೆ ಹೋದಂತೆಯೇ. ಆದರೆ ಎಷ್ಟೇ ಭಾರ ತಡೆದದ್ದನ್ನೂ 'ಗಟ್ಟಿ' ಎನ್ನುವುದಿಲ್ಲ. 'ಇನ್ನಾ ಒಡ್ದಿಲ್ಲ' ಎನ್ನುತ್ತಾನೆ, ಅಷ್ಟೇ. ಮೊನ್ನೆ ಒಂದು ಬಿಲ್ಲೆ ಮೆಷಿನ್ನಿನ ಕೊನೆಯ ಅಂಕಿಯವರೆಗೂ ತಡೆಯಿತು. ಬಿರುಕು ಹುಟ್ಟಿದ್ದು ನಿಜ, ಎಳೆಗಳಿಗೆ ಸಿಕ್ಕಿ ಅಲ್ಲೇ ನಿಂತುಬಿಟ್ಟಿತ್ತು. ಇಂಜಿನಿಯರ್ ಸುಮಿತಾ ಕುಣಿದಾಡಿದಳು. "ಈಗಲಾದ್ರೂ ಗಟ್ಟಿ ಅನ್ನಿ ಕೋದಂಡಣ್ಣ!" ಆತ ಬಿಲ್ಲೆಯನ್ನು ಕಿವಿಯ ಬಳಿ ಹಿಡಿದು ಬಹಳ ಹೊತ್ತು ತಟ್ಟಿದ. "ಒಂದ್ಸಲ ಅಂದಿದ್ದೆ ಮೇಡಮ್ಮಾ, ಬಂಡೆ ಗಟ್ಟಿ ಐತೆ, ನಡೀಲಾ ಅಂತ. ನಮ್ ತಮ್ಮ ನನ್ ಮಾತ್ ನಂಬ್ಕಂಡು ಅದ್ರಡಿ ಓಗಿ ನಿಂತ್ಕಂಡ." ಅಷ್ಟು ಹೇಳಿ ಮುಂದಿನ ಬಿಲ್ಲೆ ಎತ್ತಿಕೊಂಡ. ರಿಜಿಸ್ಟರಿನಲ್ಲಿ ಆಗಲೇ 'ಪಾಸ್' ಎಂದು ಬರೆದಿದ್ದ ಸುಮಿತಾ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಇನ್ನೂ ಒಡೆದಿಲ್ಲ' ಎಂದು ಬರೆದಳು.