ಮಾರಾಟಕ್ಕಿಲ್ಲದ ಬಳೆಯ ಬೆಲೆ

ಬೆಲೆ ಸಮೀಕ್ಷೆಯ ಕೆಲಸದಲ್ಲಿ ಒಂದು ನಿಯಮವಿದೆ. ಪ್ರತಿ ತಿಂಗಳೂ ಅದೇ ಅಂಗಡಿಗೆ ಹೋಗಿ ಅದೇ ವಸ್ತುವಿನ ಬೆಲೆ ಬರೆದುಕೊಳ್ಳಬೇಕು. ಬಳೇಪೇಟೆಯಲ್ಲಿ ನನ್ನ ಪಾಲಿಗೆ ಬಂದದ್ದು ಚಿನ್ನದ ಚುಕ್ಕಿಯ ನೇರಳೆ ಗಾಜಿನ ಬಳೆ, ಒಂದು ಡಜನ್. ಅದರ ಬೆಲೆ ಎರಡು ವರ್ಷದಿಂದ ಅಲುಗಾಡಿರಲಿಲ್ಲ. ವಸ್ತು ಸಿಗದಿದ್ದರೆ ಬದಲಿ ಹುಡುಕಿ ನಾಲ್ಕು ಪುಟದ ಫಾರಂ ತುಂಬಬೇಕು. ಹಾಗಾಗಿ ನಾನೂ ಹೆಚ್ಚು ಕೆದಕಿರಲಿಲ್ಲ.

ಕಳೆದ ಸಲ ನಾನು ಹೋದಾಗ ಒಬ್ಬ ಹೆಂಗಸು ಅದೇ ಬಳೆಗಳನ್ನು ಕೈಗೆತ್ತಿಕೊಂಡಿದ್ದರು.

“ಅದು ಕೊಡಕ್ಕಾಗಲ್ಲಮ್ಮ,” ಎಂದರು ಅಂಗಡಿಯ ಯಜಮಾನರು. “ಈ ಮಾಲು ಬರೋದು ನಿಂತು ಎರಡು ವರ್ಷ ಆಯ್ತು. ಉಳಿದಿರೋದು ಇದೊಂದೇ ಡಜನ್. ಮಾರಿಬಿಟ್ರೆ, ಪಾಪ, ಈ ಸಮೀಕ್ಷೆಯವರು ಬಂದು ಏನು ಬರ್ಕೋತಾರೆ?”

ನನಗೆ ಕೃತಜ್ಞತೆಯೂ ಗಾಬರಿಯೂ ಒಟ್ಟಿಗೇ ಆದವು. ಇಷ್ಟು ದಿನ ನಾನು ಬರೆದುಕೊಂಡದ್ದು ಯಾರೂ ಕೊಟ್ಟಿರದ ಬೆಲೆ.

“ಮಾರದೇ ಇರೋದಕ್ಕೆ ಬೆಲೆ ಚೀಟಿ ಯಾಕ್ರೀ ಅಂಟಿಸಿದೀರ?” ಎಂದು ಆಕೆ ರೇಗಿದರು. “ಮಗಳ ಸೀರೆಗೆ ಇದೇ ಬಣ್ಣ ಬೇಕು. ಎರಡರಷ್ಟು ಕೊಡ್ತೀನಿ, ಕಟ್ಟಿ.”

ಯಜಮಾನರು ನನ್ನ ಮುಖ ನೋಡಿದರು. ನಾಲ್ಕು ಪುಟದ ಫಾರಂ ಕಣ್ಣ ಮುಂದೆ ಬಂತು. ಆದರೂ, “ಕೊಟ್ಬಿಡಿ ಸಾರ್,” ಎಂದೆ.

ಆಕೆ ಕೊಟ್ಟ ಬೆಲೆಯನ್ನೇ ಬರೆದು ಕಳುಹಿಸಿದೆ. ಮೂರನೇ ದಿನ ನಮ್ಮ ಮೇಲ್ವಿಚಾರಕರು ಫೋನ್ ಮಾಡಿದರು.

“ಏನ್ರೀ, ಒಂದೇ ತಿಂಗಳಲ್ಲಿ ಬಳೆ ಬೆಲೆ ಎರಡರಷ್ಟಾ? ಕಂಪ್ಯೂಟರ್ ಒಪ್ತಿಲ್ಲ. ಹಳೇ ಬೆಲೆನೇ ಹಾಕಿದೀನಿ.”

ಆ ಬಳೆಗೆಂದು ನಾನು ಕಳುಹಿಸಿದ್ದರಲ್ಲಿ ನಿಜವಾದ ಬೆಲೆ ಅದೊಂದೇ. ಕಂಪ್ಯೂಟರ್ ತಪ್ಪೆಂದು ಹಿಡಿದದ್ದೂ ಅದೊಂದನ್ನೇ.